ಕಾಸರಗೋಡಿನಿಂದ ಅರಮನೆ ನೋಡಲು ಹೊರಡುವವರಿಗೆ: ಮೈಸೂರೋ, ಪದ್ಮನಾಭಪುರವೋ, ನಾಲ್ಕುನಾಡೋ?

ಬೇಕಲ ಕೋಟೆಯನ್ನು ಮಕ್ಕಳಿಗೆ ತೋರಿಸಿದ ಹಿರಿಯರಿಗೆಲ್ಲ ಒಂದು ಪ್ರಶ್ನೆ ಎದುರಾಗಿಯೇ ಇರುತ್ತದೆ: "ರಾಜ ಇದರಲ್ಲಿ ಎಲ್ಲಿ ಮಲಗುತ್ತಿದ್ದ?" ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ, 1650ರ ಸುಮಾರಿಗೆ, ಕಡಲಿಗೆ ಮುಖಮಾಡಿ ಎದ್ದು ನಿಂತ ಆ ಕೋಟೆಯೊಳಗೆ ಕಾವಲು ಗೋಪುರವಿದೆ, ಮದ್ದಿನ ಮನೆಯಿದೆ, ಮೆಟ್ಟಿಲಿಳಿದು ಹೋಗುವ ಕೆರೆಯಿದೆ. ಅರಮನೆ ಮಾತ್ರ ಇಲ್ಲ, ಏಕೆಂದರೆ ಅದನ್ನು ಕಟ್ಟಿದ್ದು ಕಡಲತೀರದ ಕಾವಲಿಗೆ, ಅರಸರ ವಾಸಕ್ಕಲ್ಲ. ಕುಂಬಳೆ ಸೀಮೆಯ ಅರಸರ ಮಾಯಿಪ್ಪಾಡಿ ಅರಮನೆ ನಮಗೆ ಹತ್ತಿರದಲ್ಲಿಯೇ ಇದೆಯಾದರೂ ಅದು ಒಂದು ಮನೆತನಕ್ಕೆ ಸೇರಿದ ಮನೆ. ಟಿಕೇಟು ಕೊಂಡು ಕೋಣೆ ಕೋಣೆ ಸುತ್ತುವ ಪ್ರವಾಸಿ ತಾಣವಲ್ಲ, ಹಾಗೆ ಭಾವಿಸಿ ಅಲ್ಲಿಗೆ ಹೋಗುವುದು ಸರಿಯೂ ಅಲ್ಲ. ಆದ್ದರಿಂದ ಅರಸರ ವಾಸದ ಮನೆಯನ್ನು ಒಳಹೊಕ್ಕು ನೋಡಬೇಕೆಂದರೆ ನಾವು ಜಿಲ್ಲೆಯ ಹೊರಗೆ ಹೋಗಲೇಬೇಕು.

ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳುವವನಾದ್ದರಿಂದ ಅಧ್ಯಯನ ಪ್ರವಾಸದ ನೆಪದಲ್ಲಿಯೂ, ಮನೆಯವರೊಂದಿಗೂ, ಈ ಮೂರು ಅರಮನೆಗಳಿಗೆ ನಾನು ಹಲವು ಸಲ ಹೋಗಿಬಂದಿದ್ದೇನೆ. ಪ್ರತಿ ವರ್ಷ ರಜೆ ಹತ್ತಿರವಾದಾಗ ನೆರೆಕರೆಯವರೂ ಹಳೆಯ ವಿದ್ಯಾರ್ಥಿಗಳೂ ಕೇಳುವ ಪ್ರಶ್ನೆ ಒಂದೇ: ಯಾವುದಕ್ಕೆ ಹೋಗುವುದು ಒಳ್ಳೆಯದು? ಇದಕ್ಕೆ ಒಂದೇ ಮಾತಿನ ಉತ್ತರ ಕೊಡುವುದು ಕಷ್ಟ. ಆದರೆ ನಾನು ಯಾವ ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ ಎನ್ನುವುದನ್ನು ಮೊದಲೇ ಹೇಳಬಲ್ಲೆ. ಅರಮನೆ ಎಷ್ಟು ದೊಡ್ಡದು, ಎಷ್ಟು ಪ್ರಸಿದ್ಧ ಎನ್ನುವುದಕ್ಕಿಂತ ಅದರ ಒಳಗೆ ಒಂದು ಕಡೆ ನಿಂತು, ತಲೆಯೆತ್ತಿ, ಕಣ್ತುಂಬ ನೋಡಲು ನಮಗೆ ಎಷ್ಟು ಹೊತ್ತು ಸಿಗುತ್ತದೆ ಎನ್ನುವುದು ಮುಖ್ಯ. ನಮ್ಮ ಜೊತೆಗೆ ಯಾರಿದ್ದಾರೆ ಎನ್ನುವುದು ಅಷ್ಟೇ ಮುಖ್ಯ. ಈ ಎರಡನ್ನು ಯೋಚಿಸದೆ ಹೊರಟವರು ದುಡ್ಡನ್ನೂ ಶ್ರಮವನ್ನೂ ವ್ಯಯಿಸಿ, ಕೊನೆಗೆ ಬಾಗಿಲ ಮುಂದೆ ತೆಗೆಸಿಕೊಂಡ ಒಂದು ಪಟದೊಂದಿಗೆ ಹಿಂತಿರುಗಿದ್ದನ್ನು ನಾನು ಕಂಡಿದ್ದೇನೆ.

ದಾರಿ ಮತ್ತು ದಿನಗಳ ಲೆಕ್ಕ

ಮೈಸೂರಿಗೆ ನಮ್ಮಲ್ಲಿಂದ ಚೆರ್ಕಳ, ಜಾಲ್ಸೂರು, ಸುಳ್ಯ, ಮಡಿಕೇರಿ, ಹುಣಸೂರು ದಾರಿಯಾಗಿ ಸುಮಾರು 220 ಕಿಲೋಮೀಟರ್. ಸಂಪಾಜೆಯಿಂದ ಮಡಿಕೇರಿಯವರೆಗೆ ಘಟ್ಟದ ದಾರಿಯಾದ್ದರಿಂದ ಸ್ವಂತ ವಾಹನದಲ್ಲಿಯೂ 6 ಗಂಟೆ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಬೇಕು. ಬಸ್ಸಿನಲ್ಲಿ ಹೋಗುವವರು ಸುಳ್ಯಕ್ಕೆ ತಲುಪಿ, ಮಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸನ್ನು ಹಿಡಿಯಬಹುದು. ಬೆಳಿಗ್ಗೆ ಹೊರಟು ಅದೇ ರಾತ್ರಿ ಮನೆ ಸೇರುವೆನೆಂದು ಯಾರೂ ಯೋಚಿಸಬಾರದು. ಒಂದು ರಾತ್ರಿಯಾದರೂ ಮೈಸೂರಿನಲ್ಲಿ ತಂಗುವುದು ಅಗತ್ಯ. ಮಳೆಗಾಲದಲ್ಲಿ ಈ ದಾರಿಯನ್ನು ನಂಬಿ ಯೋಜನೆ ಹಾಕುವಾಗ ಎಚ್ಚರ ಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಈ ಹೆದ್ದಾರಿ ಬಹಳ ದಿನ ಮುಚ್ಚಿಹೋದದ್ದನ್ನು ನಮ್ಮ ಭಾಗದವರು ಮರೆತಿಲ್ಲ.

ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿರುವ ಪದ್ಮನಾಭಪುರ ಲೆಕ್ಕದಲ್ಲಿ ದೂರ, ಅನುಭವದಲ್ಲಿ ಅಷ್ಟು ದೂರವಲ್ಲ. ಕಾಸರಗೋಡಿನಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಸುಮಾರು 580 ಕಿಲೋಮೀಟರ್. ಮಲಬಾರ್ ಅಥವಾ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹತ್ತಿ ಮಲಗಿದರೆ ಬೆಳಗಾಗುವಾಗ ಅಲ್ಲಿರುತ್ತೇವೆ. 2023ರ ಏಪ್ರಿಲಿನಲ್ಲಿ ವಂದೇ ಭಾರತ್ ಶುರುವಾದ ಮೇಲೆ ಹಗಲಲ್ಲಿಯೇ 8 ಗಂಟೆಯ ಹೊತ್ತಿನಲ್ಲಿ ತಲುಪುವ ಅನುಕೂಲವೂ ಆಗಿದೆ. ತಿರುವನಂತಪುರದಿಂದ ನಾಗರಕೋವಿಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತು ತಕ್ಕಲೆ ಎಂಬಲ್ಲಿ ಇಳಿದರೆ ಅರಮನೆ ಒಂದೆರಡು ಕಿಲೋಮೀಟರ್ ಒಳಗಿದೆ. ಆಟೋದವರಿಗೆ 'ಕೊಟ್ಟಾರಂ' (ಅರಮನೆ) ಎಂದರೆ ಸಾಕು. ಅರಮನೆಯನ್ನೇ ಗುರಿಯಾಗಿಸಿಕೊಂಡು ನೇರವಾಗಿ ಹೋಗುವವರು ನಾಗರಕೋವಿಲಿನವರೆಗೆ ಪರಶುರಾಮ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಬಹುದಾದರೂ ಅದು ಹಗಲಿಡೀ ಕುಳಿತುಕೊಳ್ಳುವ ಪ್ರಯಾಣ. ಶಾಲೆಯ ಮಕ್ಕಳ ಪ್ರವಾಸವಾದರೆ ಕೇರಳದಲ್ಲಿ ರಾತ್ರಿ ಹೊತ್ತು ಬಸ್ಸು ಓಡಿಸುವುದಕ್ಕೆ ನಿರ್ಬಂಧವಿರುವುದರಿಂದ ರೈಲೇ ಸರಿಯಾದ ದಾರಿ.

ನಾಲ್ಕುನಾಡು ಅರಮನೆ ಕೊಡಗಿನ ಕಕ್ಕಬೆಯ ಸಮೀಪ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. ಸುಳ್ಯ, ಮಡಿಕೇರಿ, ನಾಪೋಕ್ಲು ದಾರಿಯಾಗಿಯೂ, ಕಾಞಂಗಾಡಿನಿಂದ ಪಾಣತ್ತೂರು, ಭಾಗಮಂಡಲ ದಾರಿಯಾಗಿಯೂ ಹೋಗಬಹುದು. ನಸುಕಿನಲ್ಲಿ ಹೊರಟರೆ ಕತ್ತಲಾದ ಮೇಲಾದರೂ ಮನೆ ಸೇರಬಹುದಾದದ್ದು ಮೂರರಲ್ಲಿ ಇದೊಂದೇ.

ಮೈಸೂರು: ನೋಡಲೆಂದೇ ಕಟ್ಟಿದ ಅರಮನೆ

ಮೈಸೂರಿನ ಅಂಬಾವಿಲಾಸ ಅರಮನೆಯ ವಿಷಯದಲ್ಲಿ ಒಂದು ಸಂಗತಿಯನ್ನು ತಿಳಿದುಕೊಂಡು ಹೋದರೆ ಕಣ್ಣಿಗೆ ಬೀಳುವುದೆಲ್ಲ ಬೇರೆಯಾಗಿ ಕಾಣುತ್ತದೆ. ಇಲ್ಲಿ ಮೊದಲಿದ್ದದ್ದು ಮರದ ಅರಮನೆ. 1897ರ ಫೆಬ್ರವರಿಯಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಹತ್ತಿ ಅದು ಉರಿದುಹೋಯಿತು. ಆಗ ಮಹಾರಾಜರು ಇನ್ನೂ ಬಾಲಕರು. ರಾಜ್ಯಭಾರ ನೋಡಿಕೊಳ್ಳುತ್ತಿದ್ದ ರಾಜಮಾತೆ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸವನ್ನು ವಹಿಸಿದರು. 1912ರಲ್ಲಿ, 41 ಲಕ್ಷ ರೂಪಾಯಿಗಳಿಗೂ ಹೆಚ್ಚಿನ ವೆಚ್ಚದಲ್ಲಿ, ಅದು ಪೂರ್ಣವಾಯಿತು. ಬೆಂಕಿಯ ನೆನಪು ಆ ಕಟ್ಟಡದ ಎಲ್ಲೆಡೆ ಇದೆ: ಹೊರಗೆ ಬೂದು ಬಣ್ಣದ ಕಲ್ಲು, ಒಳಗೆ ಎರಕದ ಕಬ್ಬಿಣದ ಕಂಬಗಳು. ಕಲ್ಯಾಣ ಮಂಟಪದ ಕಂಬಗಳೂ, ನವಿಲುಗಳ ಚಿತ್ತಾರವುಳ್ಳ ಬಣ್ಣದ ಗಾಜಿನ ಮಾಡೂ ದೂರದ ಗ್ಲಾಸ್ಗೋದಿಂದ ಬಂದವು.

ಆದ್ದರಿಂದ ಮೈಸೂರು ಅರಮನೆ ಒಂದು ರಾಜ್ಯವು ತನ್ನನ್ನು ಲೋಕಕ್ಕೆ ಹೇಗೆ ತೋರಿಸಿಕೊಳ್ಳಲು ಬಯಸಿತು ಎನ್ನುವುದರ ರೂಪ. ಇಪ್ಪತ್ತನೆಯ ಶತಮಾನ ಆರಂಭವಾದಾಗ ಎದ್ದ ಈ ಕಟ್ಟಡದ 145 ಅಡಿ ಎತ್ತರದ ಗೋಪುರ, ಅರಸರು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದ ದರ್ಬಾರು ಸಭಾಂಗಣ, ಗಂಡಭೇರುಂಡವುಳ್ಳ ಹಿತ್ತಾಳೆಯ ಆನೆ ಬಾಗಿಲು, ದಂತದ ಕುಸುರಿಯ ಬೀಟೆ ಮರದ ಬಾಗಿಲುಗಳು, ಎಲ್ಲವೂ ನೋಡುವವರನ್ನು ಬೆರಗುಗೊಳಿಸಲೆಂದೇ ಇವೆ. ಬೆರಗಾಗುವುದರಲ್ಲಿ ತಪ್ಪೇನೂ ಇಲ್ಲ. ಕನ್ನಡಿಗರಾದ ನಮಗೆ, ಅದರಲ್ಲಿಯೂ ಗಡಿಯಾಚೆ ಉಳಿದ ನಮಗೆ, ಫಲಕಗಳನ್ನೆಲ್ಲ ನಮ್ಮದೇ ಲಿಪಿಯಲ್ಲಿ ಓದುತ್ತ, ಕಾವಲುಗಾರರೊಂದಿಗೆ ನಮ್ಮದೇ ನುಡಿಯಲ್ಲಿ ಮಾತನಾಡುತ್ತ ನಡೆಯುವುದೇ ಒಂದು ಸಂತೋಷ. ನನ್ನ ತರಗತಿಯ ಹುಡುಗಿಯೊಬ್ಬಳು ಅಲ್ಲಿ ಒಂದು ಫಲಕವನ್ನು ಗಟ್ಟಿಯಾಗಿ ಓದಿ, ಊರಿನ ಬಸ್ಸಿನ ಬೋರ್ಡುಗಳಲ್ಲಿಯೂ ಹೀಗೆ ಇರಬೇಕಿತ್ತು ಎಂದಳು; ಅಂದಿನ ಪ್ರವಾಸದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮಾತು.

ಹೋದವರು ತಪ್ಪದೆ ನಿಧಾನಿಸಬೇಕಾದ ಜಾಗವೆಂದರೆ ಕಲ್ಯಾಣ ಮಂಟಪದ ಸುತ್ತಲಿನ ಗೋಡೆಗಳು. ಎಲ್ಲರೂ ತಲೆಯೆತ್ತಿ ನವಿಲುಗಳನ್ನು ನೋಡಿ ಮುಂದೆ ಸಾಗುತ್ತಾರೆ. ಗೋಡೆಯ ಮೇಲೆ ದಸರಾ ಮೆರವಣಿಗೆಯ ವರ್ಣಚಿತ್ರಗಳು ಸಾಲಾಗಿ ಇವೆ. ಆನೆ, ಕುದುರೆ, ವಾದ್ಯದವರು, ಸಿಪಾಯಿಗಳು, ಬೀದಿಯಲ್ಲಿ ನಿಂತ ಜನ, ಒಂದು ಚಿತ್ರದಿಂದ ಇನ್ನೊಂದಕ್ಕೆ ಮೆರವಣಿಗೆ ಹರಿದುಹೋಗುತ್ತದೆ. ಒಂದೊಂದು ಮುಖವನ್ನೂ ಬೇರೆಬೇರೆಯಾಗಿ ಬರೆದಿದ್ದಾರೆ. ಮಕ್ಕಳಿಗೆ ಒಂದು ಕೆಲಸ ಕೊಟ್ಟರೆ, ಉದಾಹರಣೆಗೆ ಯಾರ ಕೈಯಲ್ಲಿ ಯಾವ ವಾದ್ಯವಿದೆ ಎಂದು ಹುಡುಕಲು ಹೇಳಿದರೆ, ಅವರು ಅಲ್ಲಿಂದ ಕದಲುವುದಿಲ್ಲ.

ಕದಲದೆ ನಿಲ್ಲಲು ಬಿಡುತ್ತಾರೆಯೇ ಎನ್ನುವುದೇ ಮೈಸೂರಿನ ತೊಂದರೆ. ಶನಿವಾರ, ಭಾನುವಾರ, ಕ್ರಿಸ್‌ಮಸ್ ರಜೆ, ದಸರೆಯ ದಿನಗಳಲ್ಲಿ ಹಿಂದಿನವರು ನೂಕುತ್ತಾರೆ, ಮುಂದಿನವರು ನಿಲ್ಲುತ್ತಾರೆ, ಸಾಲು ನಮ್ಮನ್ನು ಹೊತ್ತುಕೊಂಡು ಹೋಗುತ್ತದೆ. ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುವಾಗಲೇ ದಕ್ಷಿಣದ ವರಾಹ ದ್ವಾರದಲ್ಲಿ ಇರಬೇಕು. ಸಾಧ್ಯವಾದರೆ ಮಂಗಳವಾರ ಅಥವಾ ಬುಧವಾರ ಹೋಗಬೇಕು. ಆದರೆ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಗಳ ಸಂಜೆ ಏಳರ ನಂತರ, ಮುಕ್ಕಾಲು ಗಂಟೆಯಷ್ಟು ಹೊತ್ತು. ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹತ್ತುವ ಆ ಕ್ಷಣವನ್ನು ಮಕ್ಕಳು ಜೀವಮಾನವಿಡೀ ನೆನಪಿಟ್ಟುಕೊಳ್ಳುತ್ತಾರೆ. ಒಳಗಿನ ನೆಮ್ಮದಿ ಮತ್ತು ಹೊರಗಿನ ದೀಪ, ಎರಡೂ ಬೇಕೆಂದರೆ ಭಾನುವಾರ ಸಂಜೆ ತಲುಪಿ ದೀಪಗಳನ್ನು ನೋಡಿ, ತಂಗಿ, ಸೋಮವಾರ ಬೆಳಿಗ್ಗೆ ಒಳಗೆ ಹೋಗುವುದು ನಾನು ಕಂಡುಕೊಂಡ ಉಪಾಯ. ಮೈಸೂರು ಅರಮನೆಗೆ ವಾರದ ರಜೆ ಇಲ್ಲದಿರುವುದು ಇಲ್ಲಿ ನೆರವಿಗೆ ಬರುತ್ತದೆ. ಸಮಯ ಉಳಿದರೆ, 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಜಗನ್ಮೋಹನ ಅರಮನೆಯ ಚಿತ್ರಶಾಲೆ ಕಾಲ್ನಡಿಗೆಯ ದೂರದಲ್ಲಿದೆ. ಮರದ ಅರಮನೆ ಸುಟ್ಟ ಮೇಲೆ ರಾಜಮನೆತನ ಆಶ್ರಯ ಪಡೆದದ್ದು ಅಲ್ಲಿಯೇ.

ಪದ್ಮನಾಭಪುರ: ವಾಸಕ್ಕೆಂದು ಕಟ್ಟಿದ ಅರಮನೆ

ನನ್ನ ಒಲವು ಯಾವ ಕಡೆಗಿದೆ ಎಂದು ಮುಚ್ಚಿಡುವುದಿಲ್ಲ. ಎರಡು ದಿನ ಬಿಡುವು ಇದ್ದು, ಕಾಲು ಗಟ್ಟಿ ಇದ್ದು, ಒಂದೇ ಅರಮನೆಯನ್ನು ನೋಡುವ ಅವಕಾಶವಿದ್ದರೆ ಪದ್ಮನಾಭಪುರಕ್ಕೆ ಹೋಗಿ ಎಂದೇ ನಾನು ಹೇಳುತ್ತೇನೆ. ಮೈಸೂರಿನಲ್ಲಿ ಉರಿದುಹೋದ ಬಗೆಯ ಮರದ ಅರಮನೆ ಇಲ್ಲಿ ಉಳಿದುಕೊಂಡಿದೆ ಎನ್ನುವುದು ಮೊದಲ ಕಾರಣ. ಎರಡನೆಯ ಕಾರಣ, ಇದು ನಮ್ಮ ಕಡೆಯ ಮನೆಗಳ ಹಿರಿಯಕ್ಕನ ಹಾಗೆ ಇರುವುದು.

ತಿರುವಾಂಕೂರಿನ ಅರಸರ ಹಳೆಯ ರಾಜಧಾನಿ ಇದು. ಇದರ ಅತ್ಯಂತ ಹಳೆಯ ಭಾಗವಾದ ತಾಯ್ ಕೊಟ್ಟಾರವನ್ನು 1601ರ ಸುಮಾರಿಗೆ ಕಟ್ಟಿದರೆಂದು ಹೇಳುತ್ತಾರೆ. 1741ರಲ್ಲಿ ಕೊಳಚಲ್ ಯುದ್ಧದಲ್ಲಿ ಡಚ್ಚರನ್ನು ಸೋಲಿಸಿದ ಮಾರ್ತಾಂಡ ವರ್ಮನು 1750ರಲ್ಲಿ ರಾಜ್ಯವನ್ನೇ ಶ್ರೀ ಪದ್ಮನಾಭನಿಗೆ ಒಪ್ಪಿಸಿ, ತಾನು ಪದ್ಮನಾಭದಾಸನೆಂದು ಆಳತೊಡಗಿದ. ಅವನ ಕಾಲದಲ್ಲಿಯೇ ಅರಮನೆ ಇಂದಿನ ರೂಪವನ್ನು ಬಹುಮಟ್ಟಿಗೆ ಪಡೆಯಿತು. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋಯಿತು. ಹೀಗೆ ಆಡಳಿತದ ಗದ್ದಲದಿಂದ ದೂರವಾದದ್ದೇ ಈ ಮರದ ಕಟ್ಟಡಗಳ ಭಾಗ್ಯವಾಯಿತೇನೋ ಎಂದು ನನಗೆ ಅನ್ನಿಸುತ್ತದೆ.

ಗಡಿನಾಡಿನವರಾದ ನಮಗೆ ಇನ್ನೊಂದು ನೆನಪು ಇಲ್ಲಿ ಬರದೆ ಇರದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ತಿರುವಾಂಕೂರಿನ ತೆಂಕಣ ತಾಲೂಕುಗಳು ಮದರಾಸು ರಾಜ್ಯಕ್ಕೆ ಸೇರಿ ಕನ್ಯಾಕುಮಾರಿ ಜಿಲ್ಲೆಯಾದವು. ನೆಲ ತಮಿಳುನಾಡಿನದಾಯಿತು, ಅರಮನೆ ಮಾತ್ರ ಕೇರಳ ಸರ್ಕಾರದ ಪುರಾತತ್ವ ಇಲಾಖೆಯ ಕೈಯಲ್ಲಿಯೇ ಉಳಿಯಿತು, ಇಂದಿಗೂ ಹಾಗೆಯೇ ಇದೆ. ಒಂದೇ ದಿನ ಎಳೆದ ಎರಡು ಗೆರೆಗಳಲ್ಲಿ ಒಂದರ ಈಚೆಗೆ ಬದುಕುತ್ತಿರುವ ನಾವು, ಇನ್ನೊಂದರ ಆಚೆಗಿರುವ ಈ ಅರಮನೆಯ ಅಂಗಳದಲ್ಲಿ ನಿಂತಾಗ ನಮ್ಮ ಊರಿನ ಕಥೆಯನ್ನೇ ಬೇರೊಂದು ಬದಿಯಿಂದ ಕೇಳಿದ ಹಾಗಾಗುತ್ತದೆ.

ಮೊದಲು ಎದುರಾಗುವುದು ಪೂಮುಖ, ಎಂದರೆ ನಮ್ಮ ಚಾವಡಿ. ಅದರ ಮರದ ಮುಚ್ಚಿಗೆಯಲ್ಲಿ ಒಂದಕ್ಕೊಂದು ಹೋಲದ 90 ಬಗೆಯ ಹೂಗಳನ್ನು ಕೆತ್ತಿದ್ದಾರೆ. ಕುದುರೆ ಸವಾರನ ರೂಪವುಳ್ಳ ತೂಗುದೀಪವೊಂದು ಅಲ್ಲಿದೆ. ಅದನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಆ ದಿಕ್ಕಿನಲ್ಲಿಯೇ ನಿಲ್ಲುತ್ತದೆ. ಮೇಲೆ ಮಂತ್ರಶಾಲೆ: ಅರಸನು ಮಂತ್ರಿಗಳೊಂದಿಗೆ ಕುಳಿತು ಮಾತನಾಡುತ್ತಿದ್ದ ಈ ಕೋಣೆ ಮೈಸೂರಿನ ದರ್ಬಾರಿನ ಒಂದು ಮೂಲೆಯಷ್ಟೂ ಇಲ್ಲ. ಅಭ್ರಕದ ಹಾಳೆಗಳನ್ನು ಕೂರಿಸಿದ ಕಿಟಕಿಗಳಿಂದ ಬಿಸಿಲು ಒಳಗೆ ಬರುವಾಗಲೇ ತಣ್ಣಗಾಗಿ ಬರುತ್ತದೆ. ಹೊರಗೆ ಕುದಿಯುವ ಸೆಕೆ ಇದ್ದಾಗಲೂ ಇಲ್ಲಿ ಗಾಳಿ ಆಡುತ್ತಲೇ ಇರುತ್ತದೆ. ಫ್ಯಾನು ಇಲ್ಲದ ಕಾಲದಲ್ಲಿ ಮನೆ ಕಟ್ಟಿದವರ ತಿಳುವಳಿಕೆ ಏನೆಂಬುದು ಇಲ್ಲಿ ಮೈಗೆ ಅರಿವಾಗುತ್ತದೆ.

ಈ ಅರಮನೆಯ ನೆಲವನ್ನು ಕುರಿತು ನಾನು ಸ್ವಲ್ಪ ಹೆಚ್ಚು ಹೇಳಬೇಕು. ಬರಿಗಾಲಲ್ಲಿ ನಡೆಯುವಾಗ ಕಾಲಿಗೆ ತಂಪಾಗಿ ತಾಗುವ, ಮುಖ ಕಾಣುವಷ್ಟು ಹೊಳೆಯುವ ಕರಿ ನೆಲ ಅದು. ಸುಣ್ಣ, ಗೆರಟೆ ಸುಟ್ಟ ಮಸಿ, ಮೊಟ್ಟೆಯ ಬಿಳಿ, ಬೆಲ್ಲ ಮತ್ತು ಗಿಡಗಳ ರಸಗಳನ್ನು ಕಲಸಿ ಆ ನೆಲವನ್ನು ಮಾಡಿದ್ದರೆಂದು ಹೇಳುತ್ತಾರೆ. ನನ್ನ ಅಮ್ಮನನ್ನು ಕರೆದುಕೊಂಡು ಹೋಗಿದ್ದಾಗ ಅವರು ಗೋಡೆಯನ್ನಾಗಲಿ ಕೆತ್ತನೆಯನ್ನಾಗಲಿ ನೋಡುವ ಮೊದಲು ಬಗ್ಗಿ ನೆಲವನ್ನು ಅಂಗೈಯಿಂದ ಸವರಿದರು. ಸೆಗಣಿಗೆ ಮಸಿ ಕಲಸಿ ಸಾರಿಸಿ, ನುಣ್ಣನೆಯ ಕಲ್ಲಿನಿಂದ ಉಜ್ಜಿ ಉಜ್ಜಿ ನಮ್ಮ ಹಳೆಯ ಮನೆಯ ಜಗಲಿಗೆ ಹೊಳಪು ಬರಿಸುತ್ತಿದ್ದದ್ದು ಅವರೇ. "ಇದಕ್ಕೆ ಎಷ್ಟು ಜನರ ಕೈ ನೊಂದಿರಬಹುದು" ಎಂದರು. ಮಾರ್ಗದರ್ಶಕರು ಮಾರ್ತಾಂಡ ವರ್ಮನ ವಿಷಯ ಹೇಳುತ್ತಿದ್ದಾಗ ನಾನು ಅಮ್ಮನ ಈ ಮಾತನ್ನೇ ಯೋಚಿಸುತ್ತಿದ್ದೆ.

ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಇಲ್ಲಿ ಉಪ್ಪಿರಿಕ್ಕ ಮಾಳಿಗ ಎಂದು ಹೆಸರು. ನಮ್ಮ ಉಪ್ಪರಿಗೆಯೇ ಅದು. ಕೆಳಗೆ ಖಜಾನೆ, ಅದರ ಮೇಲೆ ಅರಸನು ಮಲಗುವ ಕೋಣೆ, ಅದರ ಮೇಲೆ ವ್ರತದ ದಿನಗಳ ಕೋಣೆ, ತುದಿಯಲ್ಲಿ ದೇವರ ಕೋಣೆ. ಮಲಗುವ ಕೋಣೆಯಲ್ಲಿ 64 ಬಗೆಯ ಔಷಧೀಯ ಮರಗಳಿಂದ ಮಾಡಿದ್ದೆಂದು ಹೇಳುವ ಮಂಚವಿದೆ. ಬೇಕಲದಲ್ಲಿ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಡಿಗೆಮನೆ, ಬಾವಿ, ಸ್ನಾನದ ಕೊಳ, ಮೇಲೆ ಸಾವಿರ ಕೆಳಗೆ ಸಾವಿರ ಜನ ಕುಳಿತು ಉಣ್ಣುತ್ತಿದ್ದ ಊಟ್ಟುಪುರ, ಉಪ್ಪಿನಕಾಯಿಯ ದೊಡ್ಡ ಭರಣಿಗಳು, ಇವೆಲ್ಲವನ್ನೂ ದಾಟಿ ಬರುವಾಗ ಒಂದು ರಾಜಮನೆತನದ ದಿನಚರಿ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಕಣ್ಣಮುಂದೆ ನಡೆದ ಹಾಗಿರುತ್ತದೆ. ತಾಯ್ ಕೊಟ್ಟಾರದಲ್ಲಿ ಒಂದೇ ಹಲಸಿನ ಮರದಿಂದ ಕೆತ್ತಿದ ಕಂಬವೊಂದಿದೆ. ಅದನ್ನು ನೋಡದೆ ಬರಬೇಡಿ.

ಕೊರತೆಗಳನ್ನೂ ಹೇಳಲೇಬೇಕು. ಮೆಟ್ಟಿಲುಗಳು ಕಡಿದಾದ, ಇಕ್ಕಟ್ಟಾದ ಮರದ ಏಣಿಗಳ ಹಾಗಿವೆ. ಬಾಗಿಲುಗಳು ಗಿಡ್ಡ, ಎತ್ತರದವರು ಬಗ್ಗಿಯೇ ನಡೆಯಬೇಕು. ಒಮ್ಮೆ ಒಳಗೆ ಹೊಕ್ಕರೆ ಕಟ್ಟಡದಿಂದ ಕಟ್ಟಡಕ್ಕೆ ಸಾಗುತ್ತ ಪೂರ್ತಿ ಸುತ್ತು ಮುಗಿಸಿಯೇ ಹೊರಬರುವ ಹಾಗಿರುತ್ತದೆ. ಮೊಣಕಾಲು ನೋವಿರುವವರಿಗೆ, ಗಾಲಿಕುರ್ಚಿ ಬೇಕಾದವರಿಗೆ ಇದು ಸೂಕ್ತ ಸ್ಥಳವಲ್ಲ. ಸೋಮವಾರ ಪೂರ್ತಿ ರಜೆ; ಉಳಿದ ದಿನ ಬೆಳಿಗ್ಗೆ 9ರಿಂದ 1, ಮತ್ತೆ 2ರಿಂದ 4.30. ಒಂದು ಸಲ ನಮ್ಮ ಪ್ರವಾಸದ ಏರ್ಪಾಡು ಮಾಡಿದವರು ಈ ರಜೆಯನ್ನು ವಿಚಾರಿಸದೆ ಸೋಮವಾರವೇ ನಮ್ಮನ್ನು ಅಲ್ಲಿಗೆ ಕರೆತಂದಿದ್ದರು. ರಾತ್ರಿಯಿಡೀ ರೈಲಿನಲ್ಲಿ ಬಂದ 40 ಮಕ್ಕಳು ಮುಚ್ಚಿದ ಬಾಗಿಲಿನ ಎದುರು ನಿಂತ ದೃಶ್ಯ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಹತ್ತಿರದ ಉದಯಗಿರಿ ಕೋಟೆಯನ್ನು, ಅದರೊಳಗಿರುವ ಡಚ್ ಸೇನಾನಿ ಡಿ ಲನೋಯ್‌ಯ ಸಮಾಧಿಯನ್ನು ತೋರಿಸಿ ಅಂದು ಮಕ್ಕಳನ್ನು ಸಮಾಧಾನಪಡಿಸಿದೆವು. ಕೊಳಚಲಿನಲ್ಲಿ ಸೆರೆಸಿಕ್ಕಿ, ಗೆದ್ದ ಅರಸನ ಸೇನೆಗೇ ತರಬೇತಿ ಕೊಟ್ಟು, ಕೊನೆಗೆ ಅಲ್ಲಿಯೇ ಮಣ್ಣಾದ ಆ ಮನುಷ್ಯನ ಕಥೆಯನ್ನು ಅವರು ಆಸಕ್ತಿಯಿಂದ ಕೇಳಿದರು.

ನಾಲ್ಕುನಾಡು: ಅಡಗಿಕೊಳ್ಳಲು ಕಟ್ಟಿದ ಅರಮನೆ

ಕೊಡಗಿನ ಹಾಲೇರಿ ಅರಸರ ಕಥೆ ನಮಗೆ ದೂರದ್ದಲ್ಲ. ಅಮರಸುಳ್ಯ ಸೀಮೆ 1834ರವರೆಗೆ ಅವರ ಆಡಳಿತದಲ್ಲಿಯೇ ಇತ್ತು; ಆ ವರ್ಷ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡು ಈ ಸೀಮೆಯನ್ನು ಅಂದಿನ ಕೆನರಾ ಜಿಲ್ಲೆಗೆ ಸೇರಿಸಿದ್ದರಿಂದಲೇ ಅವರ ವಿರುದ್ಧದ 1837ರ ಬಂಡಾಯಕ್ಕೆ ಕಾವು ಬಂತು. ದೊಡ್ಡ ವೀರರಾಜೇಂದ್ರನು 1792ರಿಂದ 1794ರ ಅವಧಿಯಲ್ಲಿ, ಟಿಪ್ಪುವಿನೊಂದಿಗಿನ ಕಾದಾಟದ ದಿನಗಳ ಬೆನ್ನಿಗೆ, ಕಾಡಿನ ನಡುವೆ ಕಟ್ಟಿಸಿದ ಎರಡು ಅಂತಸ್ತಿನ ಹಂಚಿನ ಮನೆಯೇ ನಾಲ್ಕುನಾಡು ಅರಮನೆ. ದೂರದಿಂದ ನೋಡಿದರೆ ಒಂದು ದೊಡ್ಡ ಗುತ್ತಿನ ಮನೆಯ ಹಾಗೆ ಕಾಣುತ್ತದೆ. ಮುಂದೆ ಅರಸನ ಮದುವೆಗೆಂದು ಕಟ್ಟಿದ ಪುಟ್ಟ ಮಂಟಪ. ಒಳಗೆ ಬಣ್ಣ ಮಾಸಿದ ಚಿತ್ತಾರಗಳು, ಕೆತ್ತನೆಯ ಕಿಟಕಿಗಳು, ಶತ್ರು ಬಂದರೆ ಅವಿತುಕೊಳ್ಳಲು ಕತ್ತಲ ಕೋಣೆಗಳು. ಕೊನೆಯ ಅರಸ ಚಿಕ್ಕ ವೀರರಾಜನು 1834ರಲ್ಲಿ ಇಂಗ್ಲಿಷರ ಸೇನೆ ಬಂದಾಗ ಆಶ್ರಯ ಪಡೆದದ್ದು ಇಲ್ಲಿಯೇ.

ಇಲ್ಲಿ ಬೆಲೆಬಾಳುವ ವಸ್ತುಗಳ ಪ್ರದರ್ಶನವಿಲ್ಲ, ಸಿಂಹಾಸನವಿಲ್ಲ, ನೂಕುನುಗ್ಗಲಿಲ್ಲ. ಕಾವಲಿನವರು ಬಾಗಿಲು ತೆರೆದು, ತಮಗೆ ತಿಳಿದ ಕಥೆಯನ್ನು ಹೇಳುತ್ತ ಜೊತೆಗೆ ಬರುತ್ತಾರೆ. ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದಾದ ಮನೆಯಲ್ಲಿ ನಾನು ಎರಡು ಗಂಟೆ ಕುಳಿತದ್ದುಂಟು. ಆದರೆ ಅರಮನೆಯೆಂದರೆ ವೈಭವ ಎಂದುಕೊಂಡು ಬಂದವರಿಗೆ ನಿರಾಸೆಯಾಗುವುದು ಖಂಡಿತ; ಗೋಡೆಗಳ ಮೇಲೆ ಹೆಸರು ಗೀಚಿದವರ ಕೆಲಸವನ್ನು ಕಂಡು ಎಲ್ಲರಿಗೂ ಬೇಸರವಾಗುವುದೂ ಖಂಡಿತ. ಹತ್ತಿರದಲ್ಲಿ ಹೋಟೆಲನ್ನು ನಂಬಿಕೊಳ್ಳಬೇಡಿ, ಬುತ್ತಿ ಕಟ್ಟಿಕೊಂಡು ಹೋಗಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಉಂಬುಳಗಳ (ಜಿಗಣೆಗಳ) ಕಾಟದಿಂದ ಹೋಗುವುದೇ ಬೇಡ. ದಾರಿಯಲ್ಲಿ ಮಡಿಕೇರಿ ಕೋಟೆಯನ್ನು ಸೇರಿಸಿಕೊಳ್ಳಬಹುದು. ಎರಡನೆಯ ಲಿಂಗರಾಜೇಂದ್ರನು 1812ರಿಂದ 1814ರಲ್ಲಿ ಕಟ್ಟಿಸಿದ ಅಲ್ಲಿನ ಅರಮನೆ ಬಹುಕಾಲ ಸರ್ಕಾರಿ ಕಚೇರಿಯಾಗಿದ್ದರಿಂದ ಅರಮನೆಯ ಭಾವ ಅಷ್ಟಾಗಿ ಉಳಿದಿಲ್ಲ, ಆದರೆ ಅಂಗಳದಲ್ಲಿರುವ ಗಾರೆಯ ಎರಡು ಆನೆಗಳನ್ನು ಮಕ್ಕಳು ಬಹಳ ಇಷ್ಟಪಡುತ್ತಾರೆ.

ಜೊತೆಗೆ ಯಾರು ಬರುತ್ತಾರೆ?

ವಯಸ್ಸಾದವರು ಮತ್ತು ತೀರ ಸಣ್ಣ ಮಕ್ಕಳು ಜೊತೆಗಿದ್ದರೆ ಮೈಸೂರಿಗೇ ಹೋಗಬೇಕು. ಅಗಲವಾದ ಹಾದಿಗಳು, ವಿಶಾಲ ಅಂಗಳ, ಅಂಗಳದಲ್ಲಿಯೇ ದೇವಸ್ಥಾನಗಳು, ಸುತ್ತಮುತ್ತ ಬೇಕಾದಷ್ಟು ಹೋಟೆಲು, ಆಸ್ಪತ್ರೆ, ವಸತಿ ಇರುವ ಊರು ಅದು. ಅಜ್ಜಿಯೊಬ್ಬರು ನಡೆಯಲಾರೆನೆಂದು ಹೊರಗೆ ಕುಳಿತರೂ ಅವರಿಗೆ ನೋಡಲು ಕೋಟೆಯೂ ಗೋಪುರವೂ ದೀಪವೂ ಇವೆ. ಪದ್ಮನಾಭಪುರದಲ್ಲಿ ಹೊರಗೆ ಕುಳಿತವರಿಗೆ ಹಂಚಿನ ಮಾಡು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ, ಏಕೆಂದರೆ ಅದರ ಚೆಲುವೆಲ್ಲ ಒಳಗೇ ಇದೆ.

ಐದನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ, ಮನೆ ಕಟ್ಟುವ ಕೆಲಸ ತಿಳಿದವರಿಗೆ, ಬಡಗಿ ಕೆಲಸದವರಿಗೆ, ಹಳೆಯ ಮನೆಯಲ್ಲಿ ಹುಟ್ಟಿಬೆಳೆದು ಈಗ ಕಾಂಕ್ರೀಟು ಮನೆಯಲ್ಲಿ ಇರುವವರಿಗೆ ಪದ್ಮನಾಭಪುರ. ಪಕ್ಕಾಸು, ರೀಪು, ಮುಂಡಿಗೆ ಎಂಬ ಮರಗೆಲಸದ ಮಾತುಗಳನ್ನು ಮರೆಯುತ್ತಿರುವ ನಮ್ಮ ಮಕ್ಕಳಿಗೆ ಅವನ್ನು ತೋರಿಸಿ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಕನ್ನಡದ ಫಲಕಗಳಿಲ್ಲ. ಆದರೆ ಕೋಣೆಗಳಲ್ಲಿ ನಿಂತು ವಿವರಿಸುವ ಸಿಬ್ಬಂದಿ ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ಮಾತನಾಡುತ್ತಾರೆ. ಮಲಯಾಳ ಓದಲು ಬಾರದಿದ್ದರೂ ಕೇಳಿ ತಿಳಿಯುವ ಕಾಸರಗೋಡಿನ ಕನ್ನಡಿಗರಿಗೆ ಇದೊಂದು ಅನುಕೂಲ. ಬೆಂಗಳೂರಿನಿಂದ ಬಂದವರಿಗಿಂತ ನಾವು ಅಲ್ಲಿ ಹೆಚ್ಚು ಕೇಳಿಸಿಕೊಳ್ಳಬಲ್ಲೆವು.

ನವರಾತ್ರಿಯ ಸಮಯದಲ್ಲಿ ಹೋಗಬೇಕೆನ್ನುವವರು ಎರಡೂ ಕಡೆಯ ವಿಶೇಷವನ್ನು ತಿಳಿದಿರಬೇಕು. ಮೈಸೂರಿನಲ್ಲಿ ಆ ದಿನಗಳಲ್ಲಿ ಮಾತ್ರ ರತ್ನಸಿಂಹಾಸನವನ್ನು ಜೋಡಿಸುತ್ತಾರೆ, ದೀಪಾಲಂಕಾರ ದಿನವೂ ಇರುತ್ತದೆ. ಆದರೆ ಪೂಜೆಯ ಕೆಲವು ದಿನಗಳಲ್ಲಿ ಪ್ರವೇಶಕ್ಕೆ ನಿರ್ಬಂಧವಿರುತ್ತದೆ, ಜನಸಂದಣಿಯಂತೂ ಹೇಳತೀರದು. ಪದ್ಮನಾಭಪುರದಲ್ಲಿ ನವರಾತ್ರಿಗೆ ಮೊದಲೇ ಅರಮನೆಯ ಸರಸ್ವತಿಯ ವಿಗ್ರಹವನ್ನು, ವೇಳಿಮಲೆಯ ಕುಮಾರಸ್ವಾಮಿ ಮತ್ತು ಶುಚೀಂದ್ರದ ದೇವಿಯರೊಂದಿಗೆ, ಮೆರವಣಿಗೆಯಲ್ಲಿ ತಿರುವನಂತಪುರಕ್ಕೆ ಕೊಂಡೊಯ್ಯುತ್ತಾರೆ; ಅರಸರ ಖಡ್ಗವನ್ನು ಒಪ್ಪಿಸಿಕೊಡುವ ಶಾಸ್ತ್ರ ಅರಮನೆಯಲ್ಲಿಯೇ ನಡೆಯುತ್ತದೆ, ಎರಡೂ ರಾಜ್ಯಗಳವರು ಅದರಲ್ಲಿ ಪಾಲ್ಗೊಳ್ಳುತ್ತಾರೆ. ರಾಜಧಾನಿ ಹೋದರೂ ಹಬ್ಬದ ನಂಟು ಕಡಿಯದಿರಲೆಂದು ಉಳಿಸಿಕೊಂಡ ಆ ನಡಿಗೆಯನ್ನು ಒಮ್ಮೆಯಾದರೂ ನೋಡಬೇಕು.

ಒಂದೇ ದಿನ ಇರುವವರು, ವಾಹನ ಇರುವವರು, ಮೌನ ಇಷ್ಟಪಡುವವರು ನಾಲ್ಕುನಾಡಿಗೆ ಹೋಗಲಿ. ವಾಹನವೂ ಇಲ್ಲ, ಅರ್ಧ ದಿನವೇ ಇರುವುದು ಎಂದರೆ ಕಣ್ಣೂರಿನ ಅರಕ್ಕಲ್ ಮನೆತನದ ವಸ್ತುಸಂಗ್ರಹಾಲಯ ರೈಲಿಗೆ ಹತ್ತಿರ. ಹೆಣ್ಣುಮಕ್ಕಳೂ ಬೀವಿ ಎಂಬ ಬಿರುದಿನಿಂದ ಆಳಿದ ಆ ಮನೆತನದ ದರ್ಬಾರಿನ ಭಾಗವನ್ನಷ್ಟೇ ಅಲ್ಲಿ ನೋಡಲು ಸಿಗುತ್ತದೆ.

ಪದ್ಮನಾಭಪುರಕ್ಕೆ ಹೊರಟವರು ತಿರುವನಂತಪುರದಲ್ಲಿ ಒಂದು ಬೆಳಗನ್ನು ಉಳಿಸಿಕೊಂಡರೆ, ಪದ್ಮನಾಭಸ್ವಾಮಿ ದೇವಸ್ಥಾನದ ಮಗ್ಗುಲಲ್ಲಿರುವ ಕುದಿರೆಮಾಳಿಗವನ್ನೂ ನೋಡಬಹುದು. ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಆ ಅರಮನೆಯ ಸೂರಿನ ಕೆಳಗೆ 122 ಮರದ ಕುದುರೆಗಳು ಸಾಲಾಗಿ ನಿಂತಿವೆ. ಅದಕ್ಕೂ ಸೋಮವಾರವೇ ರಜೆಯಾದ್ದರಿಂದ ಶುಕ್ರವಾರ ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿ, ಶನಿವಾರ ಪದ್ಮನಾಭಪುರವನ್ನೂ ಭಾನುವಾರ ಬೆಳಿಗ್ಗೆ ಕುದಿರೆಮಾಳಿಗವನ್ನೂ ಮುಗಿಸಿ, ಅಂದು ರಾತ್ರಿಯ ರೈಲಿನಲ್ಲಿ ಹಿಂತಿರುಗುವುದು ಅನುಕೂಲ. ಮೈಸೂರನ್ನೂ ಪದ್ಮನಾಭಪುರವನ್ನೂ ಒಂದೇ ವರ್ಷದಲ್ಲಿ ನೋಡುವ ಯೋಗವಿರುವವರು ಪದ್ಮನಾಭಪುರವನ್ನೇ ಮೊದಲು ನೋಡಲಿ. ಮರದ ಅರಮನೆ ಹೇಗಿರುತ್ತದೆಂದು ಕಂಡವರಿಗೆ, ಮೈಸೂರಿನ ಕಬ್ಬಿಣದ ಕಂಬಗಳ ಮುಂದೆ ನಿಂತಾಗ ಬೆಂಕಿಯಲ್ಲಿ ಹೋದದ್ದು ಏನೆಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.